ಭಾವ ಓದುವ ಲಾಗು

ನಮ್ಮ ಭಾವನಿಗೆ ಬೆಳಿಗ್ಗೆ ಕಾಫಿ ತಪ್ಪಿದರೂ ನಡೆಯುತ್ತದೆ, ಲಾಗು ತಪ್ಪಿದರೆ ಮಾತ್ರ ಪ್ರಳಯ! ಅಕ್ಕನ ಗಂಡ, ಹಾಗಾಗಿ ಹೀಗನ್ನುವ ಹಕ್ಕು ನನಗಿದೆ.

ಮಧುರವಾಡದ ನಮ್ಮ ಆಫೀಸಿನಲ್ಲಿ ನಾನು ಗುಮಾಸ್ತೆ, ಅವರು ಕಂಪ್ಯೂಟರ್‌ಗಳ ಉಸ್ತುವಾರಿ. ಅವರ ಕೋಣೆಯಲ್ಲೊಂದು ಪ್ರಾಕ್ಸಿ ಯಂತ್ರವಿದೆ. ನಾವು ಕೇಳಿದ ವೆಬ್ ಪುಟ ತನ್ನಲ್ಲಿದ್ದರೆ ತಾನೇ ಬಡಿಸುತ್ತದೆ. ಇಲ್ಲದಿದ್ದರೆ ವಿಜಯವಾಡದ ಮುಖ್ಯ ಕಚೇರಿಯ ದೊಡ್ಡ ಪ್ರಾಕ್ಸಿಯಿಂದ ತರಿಸುತ್ತದೆ. ಯಾರು, ಯಾವಾಗ, ಏನು ಕೇಳಿದರೆಂದು ಎರಡೂ ಬರೆದಿಡುತ್ತವೆ. ಅದೇ ಲಾಗು. ಭಾವ ಅದನ್ನು ಪ್ರಿಂಟ್ ತೆಗೆದು ಪೇಪರಿನಂತೆ ಓದುತ್ತಾರೆ!

"ಏನ್ರೀ, ಅದರಲ್ಲಿ ರಾಶಿಭವಿಷ್ಯ ಬರುತ್ತಾ?" ಎಂದಳು ಅಕ್ಕ.

"ಬರುತ್ತಲ್ಲ! ಇವತ್ತು ಯಾರಿಗೆ ಬೈಗುಳ ಅಂತ ಈಗಲೇ ಗೊತ್ತಾಗುತ್ತೆ!"

ಹೋದ ತಿಂಗಳು ಬೈಗುಳ ನನಗೇ ಬಂತು. ಕೆಲಸದ ವೇಳೆ ಮಿತಿಮೀರಿ ಇಂಟರ್ನೆಟ್ ಬಳಸಿದ್ದಕ್ಕೆ ವಿವರಣೆ ಕೊಡಿ, ಇಲ್ಲದಿದ್ದರೆ ವಜಾ ಅಂತ ವಿಜಯವಾಡದ ಪತ್ರ! ಅವರ ಲಾಗಿನ ಪ್ರಕಾರ ನಾನು ಒಂದೇ ಸೆಕೆಂಡಿನಲ್ಲಿ ಕ್ರಿಕೆಟ್ ನೋಡಿ, ಸೀರೆ ಆರಿಸಿ, ರೈಲು ಟಿಕೆಟ್ಟನ್ನೂ ಹುಡುಕಿದ್ದೆ. ನನಗೇನು ಹತ್ತು ಕೈಯೇ?

ಭಾವ ಪತ್ರ ನೋಡಿ ಕುಣಿದೇಬಿಟ್ಟರು. "ನಿನ್ನ ಕಂಪ್ಯೂಟರಿನ ಹಳೇ ನೆಟ್‌ವರ್ಕ್ ನಂಬರನ್ನ ನಮ್ಮ ಪ್ರಾಕ್ಸಿಗೆ ಕೊಟ್ಟಿದ್ದು ನಾನೇ ಕಣಮ್ಮಾ! ಅವರ ಪಟ್ಟೀಲಿ ಆ ನಂಬರಿಗೆ ಇನ್ನೂ ನಿನ್ನ ಹೆಸರೇ ಇದೆ. ಇಡೀ ಆಫೀಸು ಕೇಳಿದ್ದೆಲ್ಲ ಅಲ್ಲಿ ನಿನ್ನ ಹೆಸರಿಗೇ!"

"ಕುಣಿಯೋ ವಿಷಯಾನಾ ಭಾವ? ನನ್ನ ಕೆಲಸ ಹೋಗುತ್ತೆ!"

"ಬಿಡ್ತೀನಾ? ನಮ್ಮ ಲಾಗಲ್ಲಿ ಒಬ್ಬೊಬ್ಬರದೂ ಬೇರೆ ಬೇರೆ ಇದೆ. ನಡಿ ವಿಜಯವಾಡಕ್ಕೆ!"

ನಮ್ಮ ಲಾಗು ತೋರಿಸಿದರೆ ನಾನೇ ತೆರೆದ ಪುಟಗಳೂ ಬಯಲಾಗುತ್ತವಲ್ಲ! ಸ್ತನದಲ್ಲಿ ಗಂಟೊಂದು ಕೈಗೆ ಸಿಕ್ಕಿದ್ದನ್ನು ಯಾರಿಗೂ ಹೇಳಿರಲಿಲ್ಲ. ಆ ಲಾಗಿನ ದಿನ ನಾನು ಆಫೀಸಿನಲ್ಲಿ ಮತ್ತೆ ಮತ್ತೆ ತೆರೆದದ್ದು ಕ್ಯಾನ್ಸರ್ ಆಸ್ಪತ್ರೆಯೊಂದರ ಪುಟ. ಬೇಡವೆಂದರೆ ಕೆಲಸ ಹೋಗುತ್ತದೆ, ಹೂಂ ಎಂದರೆ ಗುಟ್ಟು!

ರೈಲಿನಲ್ಲಿ ಭಾವ ಎದುರು ಸೀಟಿನವರಿಗೆ ಪ್ರಾಕ್ಸಿಯ ಪಾಠ ಶುರುಮಾಡಿದರು. ರಾಜಮಂಡ್ರಿ ಬರುವಷ್ಟರಲ್ಲಿ ಆ ಮನುಷ್ಯ "ಚಾಲಾ ಬಾಗುಂದಂಡಿ" ಎಂದು ತೆಲುಗಿನಲ್ಲಿ ಹೊಗಳುತ್ತಾ ಮೇಲಿನ ಬರ್ತಿಗೆ ಪರಾರಿ!

ವಿಜಯವಾಡದಲ್ಲಿ ಭಾವ ಅಧಿಕಾರಿಯ ಮೇಜಿನ ಮೇಲೆ ಎರಡೂ ಊರಿನ ಲಾಗು ಹರಡಿ, ಸೆಕೆಂಡಿಗೆ ಸೆಕೆಂಡು ಹೊಂದಿಸಿದರು. ಅವರ ಲಾಗಿನಲ್ಲಿ ನಾನೊಬ್ಬಳೇ, ನಮ್ಮದರಲ್ಲಿ ನಲವತ್ತು ಜನ! ಅಧಿಕಾರಿ ಪೆಚ್ಚಾಗಿ ಪತ್ರ ವಾಪಸು ಪಡೆದರು. ನಾನು ಹಾಳೆಗಳನ್ನೇ ಒಂದೊಂದಾಗಿ ನೋಡುತ್ತಿದ್ದೆ. ನನ್ನ ಸಾಲುಗಳಿದ್ದ ಹಾಳೆ ಮಾತ್ರ ಅಲ್ಲಿರಲಿಲ್ಲ.

ಮರಳುವಾಗ ಭಾವ ಅದನ್ನು ಜೇಬಿನಿಂದ ತೆಗೆದು ನನ್ನ ಕೈಗಿಟ್ಟರು.

"ಕಣ್ಣಿಗೆ ಬಿತ್ತು, ಬೇಜಾರು ಮಾಡ್ಕೋಬೇಡಮ್ಮಾ. ಅಕ್ಕನಿಗೂ ಹೇಳಿಲ್ಲ, ನೀನೇ ಹೇಳು. ಸೋಮವಾರ ರಜ ಹಾಕಿದೀನಿ, ಆಸ್ಪತ್ರೆಗೆ ನಾನೂ ಬರ್ತೀನಿ."

ಬೋಗಿ ತುಂಬ ಜನ. ನಾನು ಅವರ ಭುಜಕ್ಕೆ ತಲೆಯಿಟ್ಟು ಗಟ್ಟಿಯಾಗಿ ಅತ್ತುಬಿಟ್ಟೆ.