ಕೈ ಅಡ್ಡ ಹಿಡಿದ ಕ್ಯಾಚರ್

ಅನುಮಾನ ನಮ್ಮ ವಂಶದಲ್ಲಿ ಸಕ್ಕರೆ ಕಾಯಿಲೆಯ ಹಾಗೆ ಇಳಿದು ಬಂದಿದೆ. ನಮ್ಮ ತಂದೆ ಬಸ್ಸಿನ ಬೋರ್ಡು ಓದಿ, ಅದು ಸಾಲದೆಂದು ಕಂಡಕ್ಟರನ್ನು ಕೇಳಿ, ಅವನ ಮೇಲೂ ನಂಬಿಕೆ ಬಾರದೆ ಪಕ್ಕದವರನ್ನು ವಿಚಾರಿಸಿ, ಆಮೇಲೂ ಬಾಗಿಲ ಹತ್ತಿರವೇ ನಿಂತು ಪ್ರಯಾಣ ಮಾಡುತ್ತಿದ್ದರು. ನಮ್ಮಜ್ಜಿ ಮದುವೆಮನೆಗೆ ಹೋದರೆ ಎಡಗಾಲಿನ ಚಪ್ಪಲಿಯನ್ನು ಒಂದು ಮೂಲೆಯಲ್ಲೂ ಬಲಗಾಲಿನದನ್ನು ಇನ್ನೊಂದು ಮೂಲೆಯಲ್ಲೂ ಬಿಡುತ್ತಿದ್ದರು. ಕಳ್ಳನಿಗೆ ಜೋಡಿ ಸಿಗಬಾರದು ಎಂಬುದು ಅವರ ಲೆಕ್ಕಾಚಾರ. ಹೊರಡುವಾಗ ಅವರಿಗೂ ಜೋಡಿ ಸಿಗುತ್ತಿರಲಿಲ್ಲ, ಅದು ಬೇರೆ ಮಾತು. ಇಂಥ ಮನೆಯಲ್ಲಿ ಹುಟ್ಟಿದ ನಾನು ಸಾಫ್ಟ್‌ವೇರ್ ಟೆಸ್ಟರ್ ಆದದ್ದರಲ್ಲಿ ಆಶ್ಚರ್ಯವಿಲ್ಲ. ಬೇರೆಯವರು ಸರಿಯಾಗಿದೆ ಎಂದು ಕೊಟ್ಟದ್ದನ್ನು ಸರಿಯಿಲ್ಲ ಎಂದು ತೋರಿಸುವುದೇ ನನ್ನ ಹೊಟ್ಟೆಪಾಡು. ಆದರೆ ಆ ಕೆಲಸ ನನ್ನನ್ನು ಸ್ವೀಡನ್ನಿಗೆ ಕರೆತಂದದ್ದು ಮಾತ್ರ ವಿಧಿಯ ಕುಚೋದ್ಯ. ಇಲ್ಲಿಯ ತಾಯಂದಿರು ಮಲಗಿದ ಕೂಸನ್ನು ಗಾಡಿಯ ಸಮೇತ ಹೋಟೆಲಿನ ಹೊರಗೆ ನಿಲ್ಲಿಸಿ ಒಳಗೆ ಕಾಫಿ ಕುಡಿಯುತ್ತಾರೆ. ಅನುಮಾನ ಪಡುವುದಕ್ಕೆ ಏನೂ ಸಿಗದೆ ಮೊದಲ ಎರಡು ವರ್ಷ ನಾನು ಬಡವಾಗಿ ಹೋಗಿದ್ದೆ.

ಆ ಕೊರತೆಯನ್ನು ತುಂಬಿದ್ದು ಬೇಸ್‌ಬಾಲ್. ಕ್ರಿಕೆಟ್ಟಿನ ನಾಡಿನವನಿಗೆ ಇದೆಲ್ಲಿಯ ಗೀಳು ಎಂದು ನೀವು ಕೇಳಬಹುದು. ನಾವಿರುವ ಸುಂಡ್‌ಬೀಬರ್ಯ್ ಎಂಬ ಊರಿನ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಬಾಡಿಗೆದಾರರಿಗೂ ಸೇರಿ ಬಟ್ಟೆ ಒಗೆಯುವ ಕೋಣೆ ಒಂದೇ. ಒಂದು ವಾರ ಮೊದಲೇ ಸರದಿ ಹಿಡಿಯಬೇಕು. ಒಂದು ದಿನ ನನ್ನ ಸರದಿಯಲ್ಲಿ ಬೇರೆ ಯಾರೋ ಬಟ್ಟೆ ಹಾಕಿರಬಹುದು ಎಂಬ ಅನುಮಾನದಿಂದ ಹತ್ತು ನಿಮಿಷ ಮುಂಚೆಯೇ ಇಳಿದುಹೋದೆ. ಒಳಗೆ ಮೂರನೆಯ ಮಹಡಿಯ ಲೆನ್ನಾರ್ತ್ ತನ್ನ ಬಟ್ಟೆ ಮಡಿಸುತ್ತಿದ್ದ. ಅರವತ್ತು ದಾಟಿದವನು, ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತನಾದವನು. ಇಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು, ಆದ್ದರಿಂದ ಏಕವಚನಕ್ಕೆ ಕ್ಷಮೆಯಿರಲಿ. ಅವನ ಮೊಣಕೈ ತಗುಲಿ ಯಂತ್ರದ ಮೇಲಿದ್ದ ಸೋಪಿನ ಬಾಟಲಿ ಬಿತ್ತು, ಅದು ನೆಲ ಮುಟ್ಟುವ ಮೊದಲೇ ನಾನು ಎಡಗೈಯಲ್ಲಿ ಹಿಡಿದೆ. ಹನುಮಂತನಗರದ ಗಲ್ಲಿ ತಂಡಕ್ಕೆ ಆರು ವರ್ಷ ವಿಕೆಟ್ ಕೀಪರ್ ಆಗಿದ್ದ ಕೈ ಅದು, ಮರೆತಿರಲಿಲ್ಲ. ಲೆನ್ನಾರ್ತ್ ಬಾಟಲಿಯನ್ನೂ ನನ್ನನ್ನೂ ಬಹಳ ಹೊತ್ತು ನೋಡಿ, ನೀನು ಆಡುತ್ತೀಯಾ ಎಂದು ಕೇಳಿದ.

ಹೀಗೆ ನಾನು ಅವನು ತರಬೇತಿ ಕೊಡುತ್ತಿದ್ದ ಸಣ್ಣ ಬೇಸ್‌ಬಾಲ್ ತಂಡವನ್ನು ಸೇರಿದೆ. ಎಲ್ಲಕ್ಕಿಂತ ಕೆಳಗಿನ ದರ್ಜೆಯ ತಂಡ, ಇನ್ನೂ ಕೆಳಗೆ ಬೀಳಲು ಜಾಗವಿಲ್ಲದ್ದರಿಂದ ನೆಮ್ಮದಿಯಾಗಿತ್ತು. ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದಾಯಾದಿ. ಚೆಂಡು ಎಸೆಯುವವನು ಪಿಚರ್, ದಾಂಡಿಗನ ಹಿಂದೆ ಮುಖಕ್ಕೆ ಜಾಲರಿ, ಎದೆಗೆ ಕವಚ ಕಟ್ಟಿಕೊಂಡು ಕುಕ್ಕರಗಾಲಿನಲ್ಲಿ ಕೂರುವವನು ಕ್ಯಾಚರ್. ಸ್ವೀಡನ್ನಿನ ಆಜಾನುಬಾಹುಗಳು ಹತ್ತು ನಿಮಿಷ ಹಾಗೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ನಾನೋ, ಹಳೆಯ ಕಾಲದ ಶೌಚಾಲಯದಲ್ಲಿ ಪತ್ರಿಕೆ ಪೂರ್ತಿ ಓದಿ ಏಳುತ್ತಿದ್ದ ಪೀಳಿಗೆಯವನು. ನಾಲ್ಕು ಬೇಸಿಗೆ ಆ ಜಾಗ ನನ್ನದಾಯಿತು. ನಿಜ ಹೇಳುತ್ತೇನೆ, ಆಫೀಸಿನಲ್ಲಿ ನಾನಿಲ್ಲದಿದ್ದರೂ ಕೆಲಸ ನಡೆಯುತ್ತಿತ್ತು, ಮನೆಯಲ್ಲಿ ಇನ್ನೂ ಚೆನ್ನಾಗಿ ನಡೆಯುತ್ತಿತ್ತು. ಊರು ಬಿಟ್ಟು ಬಂದ ಮೇಲೆ ನಾನಿಲ್ಲದೆ ಆಗದು ಎನ್ನಿಸಿದ್ದು ಆ ಒಂದು ಜಾಗದಲ್ಲಿ ಮಾತ್ರ. ಅದು ನನಗೆ ಪ್ರಾಣವಾಗಿತ್ತು.

ಎರಡು ಸಾವಿರದ ಹದಿನಾಲ್ಕರ ಸೆಪ್ಟೆಂಬರಿನಲ್ಲಿ ಋತು ಮುಗಿಯಿತು. ದೊಡ್ಡ ತಂಡಗಳಲ್ಲಿ ಚಳಿಗಾಲ ಬಂತೆಂದರೆ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರ ಕರಾರು ನವೀಕರಿಸಬೇಕು ಎಂದು ಕೋಟಿಗಟ್ಟಲೆ ವ್ಯವಹಾರ ನಡೆಯುತ್ತದಂತೆ. ನಮ್ಮಲ್ಲಿ ಆ ವ್ಯವಹಾರವೆಲ್ಲ ಲೆನ್ನಾರ್ತನ ನೀಲಿ ನೋಟ್‌ಬುಕ್ಕಿನಲ್ಲಿ ನಡೆಯುತ್ತಿತ್ತು. ಆ ವರ್ಷ ಕೊನೆಯ ಪಂದ್ಯದ ಮಾರನೆಯ ದಿನ ಅವನು ಒಬ್ಬೊಬ್ಬರನ್ನೇ ಫಿಕಾಕ್ಕೆ, ಅಂದರೆ ಕಾಫಿ ಮತ್ತು ಏಲಕ್ಕಿ ಬನ್ನಿನ ಜೊತೆಯ ಮಾತಿಗೆ, ಕರೆದು, ಮುಂದಿನ ವರ್ಷ ಇರುತ್ತೀಯಾ ಎಂದು ಕೇಳಿ ಬರೆದುಕೊಂಡ. ಹಿಂದಿನ ವರ್ಷಗಳಲ್ಲಿ ಬರೀ ಚೀಟಿ ಕಳಿಸಿ ಸಹಿ ಹಾಕಿಸಿಕೊಳ್ಳುತ್ತಿದ್ದ, ಬಾಯಿ ಬಿಟ್ಟು ಕೇಳಿದ್ದು ಇದೇ ಮೊದಲು. ಕೇಳಿದ ಕೂಡಲೇ ಹೂಂ ಎನ್ನುವುದು ಸಂಸ್ಕಾರವಂತರ ಲಕ್ಷಣವೇ? ಚಿಕ್ಕಂದಿನಲ್ಲಿ ಯಾರದೋ ಮನೆಯಲ್ಲಿ ಒಂದೇ ಮಾತಿಗೆ ಎರಡನೆಯ ಒಬ್ಬಟ್ಟು ಹಾಕಿಸಿಕೊಂಡದ್ದಕ್ಕೆ ಅಮ್ಮ ದಾರಿಯುದ್ದಕ್ಕೂ ತೊಡೆ ಚಿವುಟಿದ್ದು ನನಗಿನ್ನೂ ನೆನಪಿದೆ. ಹಾಗಾಗಿ ಮರ್ಯಾದಸ್ಥನಂತೆ, ಅಯ್ಯೋ ನನಗೇನು, ವಯಸ್ಸಾಯಿತು, ಮೊಣಕಾಲೂ ಅಷ್ಟಕ್ಕಷ್ಟೆ, ಹುಡುಗರಿಗೆ ಜಾಗ ಕೊಡಿ, ನನ್ನ ಯೋಚನೆ ಬಿಡಿ ಎಂದೆ. ಲೆನ್ನಾರ್ತ್ ಗಂಭೀರನಾಗಿ ತಲೆಯಾಡಿಸಿ, ಅರ್ಥವಾಗುತ್ತದೆ ಎಂದು ಬರೆದುಕೊಂಡು, ಎದ್ದು ನಿಂತು ನನ್ನನ್ನು ತಬ್ಬಿಕೊಂಡ. ಎಂಥ ಅಭಿಮಾನ ಎಂದುಕೊಂಡೆ.

ಮರುವಾರ ಅಭಿಮಾನ ಇನ್ನೂ ಹೆಚ್ಚಾಯಿತು. ಕ್ಲಬ್ಬಿನ ಕೋಣೆಯಲ್ಲಿ ಹಸಿರು ಮಾರ್ಜಿಪಾನ್, ಅಂದರೆ ಬಾದಾಮಿಯ ಸಿಹಿ ಕಣಕ, ಹೊದಿಸಿದ ದೊಡ್ಡ ಕೇಕು, ಅದರ ಮೇಲೆ ನನ್ನ ಹೆಸರು. ಲೆನ್ನಾರ್ತ್ ನಾಲ್ಕು ಒಳ್ಳೆಯ ಮಾತಾಡಿ ಕೈಗೆ ಹೂಗುಚ್ಛ ಕೊಟ್ಟ, ಎಲ್ಲರೂ ಚಪ್ಪಾಳೆ ತಟ್ಟಿದರು, ಪಿಚರ್ ಕಣ್ಣೊರೆಸಿಕೊಂಡ. ನಮ್ಮ ಕಡೆ ಹೂವು ಕೊಟ್ಟು ಮಾತಾಡಿದರೆ ಅದಕ್ಕೆ ಸನ್ಮಾನ ಎನ್ನುತ್ತಾರೆ. ಶಾಲು, ಫಲತಾಂಬೂಲ ಇವರಿಗೇನು ಗೊತ್ತು ಪಾಪ ಎಂದು ನಾನೇ ಸಮಾಧಾನ ಮಾಡಿಕೊಂಡೆ. ಫೋಟೊ ಊರಿನ ನೆಂಟರಿಗೆಲ್ಲ ಹೋಯಿತು. ಬಸವನಗುಡಿಯ ಮಾವ, ವಿದೇಶದಲ್ಲಿ ಕನ್ನಡದ ಬಾವುಟ ಹಾರಿಸಿದ್ದಕ್ಕೆ ಅಭಿನಂದನೆ ಕಳಿಸಿದರು.

ನವೆಂಬರಿನಲ್ಲಿ ನನ್ನ ವಂಶದ ಕಾಯಿಲೆ ತಲೆಯೆತ್ತಿತು. ಎಲ್ಲರಿಗೂ ಸಹಿ ಹಾಕುವ ಚೀಟಿ ಬಂದಿತ್ತು, ನನಗೆ ಬಂದಿರಲಿಲ್ಲ. ಚಳಿಗಾಲದ ಅಭ್ಯಾಸ ಶಾಲೆಯ ಜಿಮ್ ಹಾಲಿನಲ್ಲಿ ಶುರುವಾಗಿದೆ ಎಂದು ನಮ್ಮ ಕಟ್ಟಡದಲ್ಲೇ ಇದ್ದ ಪಿಚರ್ ಮೆಟ್ಟಿಲಲ್ಲಿ ಸಿಕ್ಕಾಗ ಬಾಯಿತಪ್ಪಿ ಹೇಳಿದ. ಫೋನು ತೆಗೆದು ನೋಡಿದರೆ ತಂಡದ ಗ್ರೂಪಿನಲ್ಲಿ ನಾನೇ ಇಲ್ಲ. ಬಟ್ಟೆ ಒಗೆಯುವ ಕೋಣೆಯಲ್ಲಿ ಲೆನ್ನಾರ್ತ್ ಸಿಕ್ಕಾಗಲೆಲ್ಲ ಆಸ್ಪತ್ರೆಗೆ ಬಂದವನ ದನಿಯಲ್ಲಿ, ಮೊಣಕಾಲು ಹೇಗಿದೆ ಎಂದು ಕೇಳುತ್ತಿದ್ದ. ಇವನಿಗೇಕೆ ನನ್ನ ಮೊಣಕಾಲಿನ ಚಿಂತೆ? ನನ್ನನ್ನು ಕಿತ್ತುಹಾಕಲು ವೈದ್ಯಕೀಯ ಕಾರಣ ಹುಡುಕುತ್ತಿದ್ದಾನೆ ಎಂದು ನನಗೆ ಖಚಿತವಾಯಿತು. ಆಮೇಲಿಂದ ಅವನ ಮುಂದೆ ಮೆಟ್ಟಿಲನ್ನು ಎರಡೆರಡಾಗಿ ಹತ್ತತೊಡಗಿದೆ. ಮೊಣಕಾಲು ನಿಜವಾಗಿಯೂ ಉಳುಕಿದ್ದು ಆಗಲೇ.

ಸಂಚುಗಾರ ಯಾರೆಂದು ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ಆ ವಸಂತದಲ್ಲಷ್ಟೇ ವರ್ಕ್ ಪರ್ಮಿಟ್ ಮೇಲೆ ಬಂದಿದ್ದ ಹುಬ್ಬಳ್ಳಿಯ ಗಿರೀಶ. ಇಪ್ಪತ್ತಾರರ ಹುಡುಗ, ನನ್ನದೇ ಆಫೀಸು, ತಂಡಕ್ಕೆ ಸೇರಿಸಿದವನೂ ನಾನೇ. ನಮ್ಮೆದುರು ತನ್ನ ಊರಿನ ಮಾತನ್ನು ಒಗೆದು ಇಸ್ತ್ರಿ ಮಾಡಿ ಬೆಂಗಳೂರಿನ ಕನ್ನಡದಲ್ಲೇ ಮಾತಾಡುತ್ತಿದ್ದ. ಊರಿನ ಮಾತನ್ನೇ ಬಚ್ಚಿಡುವವನು ಇನ್ನೇನು ತಾನೇ ಬಚ್ಚಿಡಲಾರ? ಈಚೆಗೆ ನನ್ನನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯುತ್ತಿದ್ದ. ದಸರೆಗೆ ಊರಿಂದ ತರಿಸಿದ ಪೇಡವನ್ನು ಎಲ್ಲರಿಗೂ ಹಂಚಿ, ಲೆನ್ನಾರ್ತನಿಗೆ ಮಾತ್ರ ಇಡೀ ಡಬ್ಬಿ ಕೊಟ್ಟನೆಂದು ಸುದ್ದಿ. ನಾನು ನಾಲ್ಕು ವರ್ಷದಿಂದ ಚಿತ್ರಾನ್ನ ಹೊತ್ತುಕೊಂಡು ಹೋದದ್ದು ಆ ಡಬ್ಬಿಯ ಮುಂದೆ ನೀರಿನಲ್ಲಿ ಹೋಮ ಮಾಡಿದಂತಾಯಿತು. ನನ್ನ ಹೆಂಡತಿ ವೀಣಾಳ ಮುಂದೆ ಈ ಸಾಕ್ಷ್ಯಗಳನ್ನೆಲ್ಲ ಇಟ್ಟೆ. ಅವಳು ಕಾಮಾಲೆಯವನಿಗೆ ಕಂಡದ್ದೆಲ್ಲ ಹಳದಿ ಎಂದು ಹೇಳಿ ಹುಳಿಗೆ ಒಗ್ಗರಣೆ ಹಾಕಲು ಹೋದಳು. ಹನ್ನೊಂದು ವರ್ಷದ ಮಗಳನ್ನು ಕೇಳಿದರೆ, ನೇರವಾಗಿ ಹೋಗಿ ಕೇಳಬಾರದೇ ಎಂದು ಸ್ವೀಡಿಷ್‌ನಲ್ಲಿ ಅಂದಳು. ನೇರವಾಗಿ ಹೋಗಿ ಕೇಳುವಷ್ಟು ಕೀಳುಮಟ್ಟಕ್ಕೆ ನಾನಿನ್ನೂ ಇಳಿದಿರಲಿಲ್ಲ. ಬೇಹುಗಾರಿಕೆಗೆ ಹೊರಟೆ.

ಜನವರಿಯ ಒಂದು ಶನಿವಾರದ ಮಧ್ಯಾಹ್ನ ಮಂಗನ ಟೋಪಿ ಕಣ್ಣಿನವರೆಗೆ ಎಳೆದುಕೊಂಡು ಜಿಮ್ ಹಾಲಿನ ಹಿಂಬದಿಗೆ ಹೋದೆ. ಮಂಡಿಯವರೆಗೆ ಹಿಮ. ಕಿಟಕಿಗೆ ಮೂಗು ಒತ್ತಿ ನೋಡಿದೆ. ಗಿರೀಶ ನನ್ನ ಜಾಗದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಅವನು ತೊಟ್ಟಿದ್ದುದು ನಾನು ತೊಡುತ್ತಿದ್ದ ಕವಚವೇ, ಹಿಂದೊಮ್ಮೆ ಅದರ ಹರಿದ ಎಡಭುಜದ ಪಟ್ಟಿಗೆ ವೀಣಾ ತನ್ನ ಹಳೆಯ ರೇಷ್ಮೆ ಸೀರೆಯ ಅಂಚಿನ ತುಂಡು ಕೊಟ್ಟು ಹೊಲಿದಿದ್ದಳು. ಆ ಕೆಂಪು ಅಂಚು ಅಷ್ಟು ದೂರಕ್ಕೂ ಕಾಣುತ್ತಿತ್ತು. ಅಲ್ಲಿಯವರೆಗೆ ಅನುಮಾನದಲ್ಲಿ ಒಂದು ರುಚಿಯಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಅನುಮಾನ ನಿಜವಾದಾಗ ಮಾತ್ರ ರುಚಿಯೆಲ್ಲ ಹೋಯಿತು. ನಲವತ್ತನಾಲ್ಕರ ಗಂಡಸು, ಹಿಮದಲ್ಲಿ ನಿಂತು, ಆಟದಿಂದ ಹೊರಗಿಟ್ಟ ಮಗುವಿನಂತೆ ಗಾಜಿನ ಮೇಲೆ ಕೂತ ನನ್ನ ಉಸಿರನ್ನು ಒರೆಸಿ ಒರೆಸಿ ನೋಡುತ್ತಿದ್ದೆ. ಅಷ್ಟರಲ್ಲಿ ಒಳಗಿನಿಂದ ಲೆನ್ನಾರ್ತ್ ನನ್ನನ್ನು ಕಂಡು, ಕೈಬೀಸಿ, ಬಾಗಿಲು ತೆರೆದು ಒಳಗೆ ಕರೆದು, ಕಾಫಿ ಬಗ್ಗಿಸಿಕೊಟ್ಟ.

ಕೇಳಬಾರದೆಂದಿದ್ದರೂ ಬಾಯಿಂದ ಬಂದೇಬಿಟ್ಟಿತು. ನನ್ನನ್ನೇಕೆ ತೆಗೆದೆ ಎಂದೆ. ಲೆನ್ನಾರ್ತನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನೀಲಿ ನೋಟ್‌ಬುಕ್ ತೆಗೆದು, ಕನ್ನಡಕ ಹಾಕಿಕೊಂಡು, ನನ್ನ ಹೆಸರಿನ ಪುಟ ಹುಡುಕಿ ನಿಧಾನವಾಗಿ ಓದಿದ.

“ಶ್ರೀನಿ ಮುಂದುವರಿಯುವುದಿಲ್ಲ. ಮೊಣಕಾಲು. ಕಿರಿಯರಿಗೆ ಜಾಗ ಬಿಡಲು ಬಯಸುತ್ತಾನೆ. ದೊಡ್ಡ ಮನಸ್ಸು. ಕೇಕಿಗೆ ಹೇಳಬೇಕು.”

ಕುಂಬಳಕಾಯಿ ಕಳ್ಳನನ್ನು ಹುಡುಕುತ್ತ ಊರೆಲ್ಲ ಅಲೆದು ಕೊನೆಗೆ ನನ್ನದೇ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಸನ್ಮಾನವೆಂದು ಫೋಟೊ ಕಳಿಸಿದ್ದು ನನ್ನ ಬೀಳ್ಕೊಡುಗೆ. ಅಷ್ಟರಲ್ಲಿ ಗಿರೀಶ ಜಾಲರಿ ತೆಗೆದು, ಬೆವರಿಕೊಂಡು, ತಪ್ಪಿತಸ್ಥನಂತೆ ಬಂದು ನಿಂತ. ನೀವು ಬೇಜಾರಲ್ಲಿ ಬಿಟ್ಟಿದ್ದೀರ ಅಂದುಕೊಂಡು ಮುಖ ತೋರಿಸೋಕೆ ಆಗಲಿಲ್ಲ ಎಂದ. ಈ ಜಾಗ ನಿನಗೆ ಹೇಗೆ ಸಿಕ್ಕಿತು ಎಂದು ಕೇಳಿದೆ. ಇಸ್ತ್ರಿ ಮಾಡಿದ ಕನ್ನಡ ಅಲ್ಲಿಗೆ ಮುದುಡಿತು.

“ನಾನೂ ಬ್ಯಾಡ ಅಂದಿದ್ದೆ ಸರ್, ನಿಮ್ಮಂಥ ದೊಡ್ಡವ್ರ ಜಾಗ ನನಗ್ಯಾಕಂತ. ಆ ಮನಷ್ಯಾ ಆತು ಅಂತ ಬರಕೊಂಡು ಹೊಂಟೇಬಿಟ್ಟ. ಆಮ್ಯಾಲೆ ಸ್ಟೇಷನ್ ಮಟಾ ಓಡಿ ಹೋಗಿ, ಬೇಕು ಅಂತ ಹೇಳಿ ಬರಸೀನ್ರಿ.”

ಇಬ್ಬರದೂ ಒಂದೇ ರೋಗ. ಅವನು ಹಿಂದೆ ಓಡಿದ, ನಾನು ಹೂಗುಚ್ಛ ಹಿಡಿದು ಫೋಟೊ ತೆಗೆಸಿಕೊಂಡೆ.

ಲೆನ್ನಾರ್ತನಿಗೆ ಮಾತ್ರ ಇದು ಬಗೆಹರಿಯಲಿಲ್ಲ. ಬೇಕಾದವನು ಬೇಡವೆಂದದ್ದೇಕೆ? ನಾನು ಕಾಫಿ ಬಟ್ಟಲಿನ ಮೇಲೆ ಎರಡೂ ಕೈ ಅಡ್ಡ ಹಿಡಿದು ಪ್ರಾತ್ಯಕ್ಷಿಕೆ ಕೊಟ್ಟೆ. ನಮ್ಮಲ್ಲಿ ಬಡಿಸುವವರು ಬಂದಾಗ ಊಟಕ್ಕೆ ಕೂತವರು ಎಲೆಯ ಮೇಲೆ ಹೀಗೆ ಕೈ ಅಡ್ಡ ಹಿಡಿದು ಸಾಕು ಸಾಕು ಎನ್ನಬೇಕು. ಬಡಿಸುವವರು ಬೆರಳ ಸಂದಿಯಿಂದಲಾದರೂ ಹಾಕಬೇಕು. ಮೂರು ಸಲ ಒತ್ತಾಯ ಮಾಡಿದ ಮೇಲೆ ಒಪ್ಪಿಕೊಳ್ಳಬೇಕು. ಇದಕ್ಕೆ ಉಪಚಾರ ಎನ್ನುತ್ತೇವೆ ಎಂದೆ. ಅವನು ಅದನ್ನೂ ಬರೆದುಕೊಂಡ. ಹಾಗಾದರೆ ಕೇಳುವವರೂ ಯಾವಾಗಲೂ ಮನಸ್ಸಿನಿಂದಲೇ ಕೇಳುತ್ತಾರೆಯೇ ಎಂದು ವಿಚಾರಿಸಿದ. ಮಾತಿನ ಹುಮ್ಮಸ್ಸಿನಲ್ಲಿದ್ದ ನಾನು, ಹಾಗೇನಿಲ್ಲ, ಎಷ್ಟೋ ಸಲ ಕೇಳದಿದ್ದರೆ ಎದುರಿನವರು ನೊಂದುಕೊಂಡಾರು ಎಂದು ಸುಮ್ಮನೆ ಕೇಳುವುದೂ ಉಂಟು, ಆಗ ಎದುರಿನವರು ಸೂಕ್ಷ್ಮ ತಿಳಿದು ಬೇಡ ಎನ್ನಬೇಕು ಎಂದು ವಿವರಿಸಿದೆ. ಲೆನ್ನಾರ್ತ್ ಬಹಳ ಹೊತ್ತು ಯೋಚಿಸಿದ. ಆಮೇಲೆ, ಕ್ಯಾಚರ್ ಜಾಗದ ಚೀಟಿಗೆ ಗಿರೀಶ ಸಹಿ ಹಾಕಿ ಆಗಿದೆ, ಮೈದಾನದ ಬಲಮೂಲೆಯಲ್ಲಿ ಮಾತ್ರ ಒಂದು ಜಾಗ ಖಾಲಿಯಿದೆ, ಬರುತ್ತೀಯಾ ಎಂದು ಕೇಳಿದ. ಬಲಮೂಲೆಗೆ ಚೆಂಡು ಬರುವುದು ನಮ್ಮ ದರ್ಜೆಯ ಆಟದಲ್ಲಿ ಹುಣ್ಣಿಮೆಗೊಮ್ಮೆ. ಆದರೂ ಅವನ ಮಾತು ಮುಗಿಯುವ ಮೊದಲೇ ಹೂಂ ಎಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ಪೆನ್ನಿನ ಮುಚ್ಚಳ ತೆಗೆದು, ಬರೆದುಕೊಂಡ.

ಮನೆಗೆ ಬಂದೆ. ಜೀವನದಲ್ಲಿ ಮೊದಲ ಬಾರಿ ಬೇಕಾದ್ದನ್ನು ಬೇಕು ಎಂದ ಸಂತೋಷಕ್ಕೆ ಮೈ ಹಗುರಾಗಿತ್ತು. ವೀಣಾ ದೋಸೆ ಹುಯ್ಯುತ್ತಿದ್ದಳು. ಐದು ತಿಂದಿದ್ದೆ. ಇನ್ನೊಂದು ಹಾಕಲಾ ಎಂದು ಕೇಳಿದಳು. ಹದಿನಾರು ವರ್ಷದ ಸಂಸಾರದಲ್ಲಿ ಆ ಪ್ರಶ್ನೆಗೆ ನಾನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯದೆ ಇದ್ದದ್ದಿಲ್ಲ. ಈ ಸಲ ಹೊಸ ಮನುಷ್ಯನಾಗಿ, ಹಾಕು ಎಂದೆ. ಅವಳು ಸೌಟು ಹಿಡಿದುಕೊಂಡೇ ನನ್ನನ್ನು ಅನುಮಾನದಿಂದ ನೋಡಿದಳು. ಪಾತ್ರೆ ಬಗ್ಗಿಸಿ ತೋರಿಸಿದಳು. ತಳದಲ್ಲಿ ಹಿಟ್ಟೇ ಇರಲಿಲ್ಲ.

“ಹಿಟ್ಟು ಆಗ್ಲೇ ಮುಗೀತು ಕಣ್ರೀ. ಕೇಳ್ಬೇಕಲ್ಲ ಅಂತ ಕೇಳ್ದೆ.”

ಆ ಮಾತು ಕಿವಿಗೆ ಬಿದ್ದದ್ದೇ ತಡ, ಲೆನ್ನಾರ್ತ್ ಬಹಳ ಹೊತ್ತು ಯೋಚಿಸಿದ್ದು ನೆನಪಾಯಿತು. ಸುಮ್ಮನೆ ಕೇಳುವುದೂ ಉಂಟು ಎಂದು ಅವನಿಗೆ ಹೇಳಿಕೊಟ್ಟವನು ನಾನೇ. ಅವನೋ ಮೇಷ್ಟ್ರು, ಕಲಿತದ್ದನ್ನು ಕೂಡಲೇ ಪ್ರಯೋಗ ಮಾಡಿ ನೋಡುವ ಜಾತಿ. ಮೇ ತಿಂಗಳಿಂದ ಆಟ ಶುರುವಾಗಿದೆ. ನಾನು ಬಲಮೂಲೆಯಲ್ಲಿ ನಿಲ್ಲುತ್ತೇನೆ, ಚೆಂಡು ಈ ಕಡೆ ಬರುವುದಿಲ್ಲ, ಯೋಚಿಸಲು ಬೇಕಾದಷ್ಟು ಸಮಯ. ಲೆನ್ನಾರ್ತ್ ಆವತ್ತು ಸ್ವೀಡನ್ನಿನವನಾಗಿ ಕೇಳಿದನೋ, ನಮ್ಮವನಾಗಿ ಕೇಳಿದನೋ? ಹೋಗಿ ನೇರವಾಗಿ ಕೇಳಬಹುದು. ಆದರೆ, ಮನಸ್ಸಿನಿಂದಲೇ ಕೇಳಿದೆ ಎಂದು ಅವನು ಹೇಳಿದರೂ ಅದು ಉಪಚಾರಕ್ಕೆ ಹೇಳಿದ ಮಾತಲ್ಲ ಎಂದು ನಂಬುವುದು ಹೇಗೆ?