ಹುಟ್ಟಿನಿಂದಲೇ ಬೆನ್ನುವೈದ್ಯ

ಶ್ರೀ ನರಸಿಂಹದೇವರ ಕೃಪೆಯಿಂದ ನಾನು ಕಾಲು ಮುಂದಾಗಿ ಹುಟ್ಟಿದವನು. ಅಂಥವನ ಎಡಗಾಲು ಮೂರು ಬಾರಿ ಸೋಕಿದರೆ ಎಂಥ ಬೆನ್ನುಳುಕೂ ಇಳಿಯುತ್ತದೆಂಬುದು ನಮ್ಮ ಸಾಲಿಗ್ರಾಮ ಸೀಮೆಯ ನಂಬಿಕೆ. ಸಂಸ್ಕೃತ ಕಲಿಯಲು ನನಗೆ ಹನ್ನೆರಡು ವರ್ಷ ಹಿಡಿಯಿತು. ವೈದ್ಯನಾಗಲು ಹುಟ್ಟಿದ್ದಷ್ಟೇ ಸಾಕಾಯಿತು!

ಇಂಥ ನನ್ನೆದುರು ಮೊಮ್ಮಗಳು ಚೈತ್ರಾ ಕಾಲೇಜಿನ ಅರ್ಜಿ ಹಿಡಿದು ನಿಂತಳು. ಅವಳಿಗೆ ಕೈರೋಪ್ರಾಕ್ಟರ್ ಆಗಬೇಕಂತೆ. ಅಂದರೆ ಬೆನ್ನುಮೂಳೆಯನ್ನು ಕೈಯಿಂದಲೇ ಸರಿಪಡಿಸುವವಳು. "ಅಪ್ಪಯ್ಯ ಒಪ್ಪಿದರೆ ಮಾತ್ರ" ಎಂದು ಮಗ ಕೈತೊಳೆದುಕೊಂಡಿದ್ದ. ಅರ್ಜಿಗೆ ಅಂದೇ ಕೊನೆಯ ದಿನ.

"ಎಷ್ಟ್ ವರ್ಷ ಓದೂಕಿತ್ತ್?"

"ಸೈನ್ಸ್ ಡಿಗ್ರಿ ಮುಗೀತ್, ಅಜ್ಜಯ್ಯ. ಇನ್ನ್ ನಾಲ್ಕೈದ್ ವರ್ಷ ಮೂಳೆ, ನರ, ಎಕ್ಸ್‌ರೇ ಎಲ್ಲ ಕಲೀಕ್. ಮೇಷ್ಟ್ರೆದುರು ರೋಗಿಗಳನ್ನ ಕಾಣ್ಕ್. ಕಡೆಗೆ ಪರೀಕ್ಷೆ."

"ಲಟಿಕೆ ಮುರೂಕೆ ಇಷ್ಟೆಲ್ಲ ಎಂತಕ್ಕೆ ಹೆಣೆ, ಮಗಳೇ?"

ಅವಳ ಮುಖ ಬಾಡಿತು. ಅಷ್ಟರಲ್ಲಿ ನೆರೆಮನೆಯ ಹೊಳ್ಳರು ಅರ್ಧ ಬಾಗಿಕೊಂಡು ಅಂಗಳಕ್ಕೆ ಬಂದರು.

"ಹ್ವಾಯ್ ಐತಾಳ್ರೇ, ಹಲ್ಸಿನಹಣ್ಣ್ ಎತ್ತೂಕೆ ಹೋಯಿ ಸೊಂಟ ಹಿಡ್ಕಂಡಿತ್ ಮರಾಯ್ರೆ!"

ದೈವಸಂಕಲ್ಪವೆಂದರೆ ಇದು! "ಅರ್ಜಿ ಅಲ್ಲಿಡ್. ಈಗ ಕಾಣ್" ಎಂದೆ.

ಕೈಕಾಲು ತೊಳೆದು ಆಚಮನ ಮಾಡಿದೆ. ಹೊಳ್ಳರು ಚಾವಡಿಯ ಚಾಪೆಯಲ್ಲಿ ಬೋರಲು ಮಲಗಿದರು. ಆಗ ಧರ್ಮಸಂಕಟವೊಂದು ಎದುರಾಯಿತು. ಹೊಳ್ಳರು ನನಗಿಂತ ಎಂಟು ದಿನ ಹಿರಿಯರು! ಹಿರಿಯರಿಗೆ ಕಾಲು ತಾಗಿಸುವುದೆಂತು? ಮುಂಚಿತವಾಗಿ ಕ್ಷಮೆ ಬೇಡಿ ಸಾಷ್ಟಾಂಗ ನಮಸ್ಕರಿಸಿದೆ. ಅವರು ಮಲಗಿದಲ್ಲಿಂದಲೇ "ದೀರ್ಘಾಯುಷ್ಮಾನ್ ಭವ" ಎಂದರು. ನನ್ನನ್ನು ಎಬ್ಬಿಸಲು ಚೈತ್ರಾ, ನನ್ನಾಕೆ ಇಬ್ಬರೂ ಬೇಕಾದರು.

ಎಡಗಾಲು ಎತ್ತಿದೆ. ಎಪ್ಪತ್ತೆರಡರ ಪ್ರಾಯದಲ್ಲಿ ಒಂಟಿಕಾಲಿನಲ್ಲಿ ನಿಲ್ಲುವುದು ತಪಸ್ವಿಗಳಿಗೆ ಮಾತ್ರ ಸಾಧ್ಯವೆಂದು ಆಗ ತಿಳಿಯಿತು. ಮೊದಲ ಸ್ಪರ್ಶ ನಿರ್ವಿಘ್ನವಾಗಿ ಮುಗಿಯಿತು. ಎರಡನೆಯದಕ್ಕೆ ಹೊಳ್ಳರು ಕಚಗುಳಿಯಾಗಿ ಕುಲುಕಾಡಿದರು. ಮೂರನೆಯದಕ್ಕೆ ಆಸರೆ ಬೇಕೆಂದು ಪಕ್ಕದಲ್ಲಿದ್ದುದನ್ನು ಹಿಡಿದೆ. ಅದು ತೂಗುಯ್ಯಾಲೆ!

ಉಯ್ಯಾಲೆ ಅತ್ತ ಹೋಯಿತು. ನಾನು ಹೊಳ್ಳರ ಮೇಲೆ ಕುಳಿತೆ.

'ಕಟಕ್!'

ಯಾರ ಬೆನ್ನು?

"ನಂದಲ್ಲ" ಎಂದರು ಹೊಳ್ಳರು.

ನಾನು ಬಿಲ್ಲಿನಂತೆ ಬಾಗಿಹೋಗಿದ್ದೆ. ಹೊಳ್ಳರು ತೆವಳಿಕೊಂಡು ಗೋಡೆ ಸೇರಿ, "ನಂಗೆ ಮೊದ್ಲಿನ್ ನೋವೇ ಸಾಕ್ ಮರಾಯ್ರೆ!" ಎಂದು ಕೈಮುಗಿದರು.

ನನ್ನಾಕೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಹ್ವಾಯ್, ಈಗ ನಿಮ್ಮ ಕಾಲ್ ನಿಮ್ಮ ಬೆನ್ನಿಗೇ ಮುಟ್ಸಿ ಕಾಂಬ!"

ಈ ಸಾಧ್ಯತೆಯನ್ನು ನನ್ನ ವೈದ್ಯಶಾಸ್ತ್ರ ಚಿಂತಿಸಿಯೇ ಇರಲಿಲ್ಲ.

ಹೊಳ್ಳರು ಬಿಟ್ಟ ಚಾಪೆಯಲ್ಲಿ ಬೋರಲಾದ ನನ್ನ ಪಕ್ಕದಲ್ಲಿ ಚೈತ್ರಾ ಕುಳಿತಳು. ಕಾಲು ಜೋಮು ಹಿಡಿದಿದೆಯೇ, ಬೆರಳು ಆಡುತ್ತವೆಯೇ ಎಂದು ಮೆಲ್ಲಗೆ ವಿಚಾರಿಸಿದಳು. ಮುಟ್ಟಲಿಲ್ಲ.

"ಎಂತ ಹೆಣೆ, ಒಂದ್ಸಲ ಒತ್ತಿ ಕಾಣ್!"

"ಇಲ್ಲೆ ಅಜ್ಜಯ್ಯ. ನಾನಿನ್ನೂ ಕಲೀಲಿಲ್ಲೆ. ಡಾಕ್ಟ್ರತ್ರ ಹೋಪ, ರಿಕ್ಷಾಕ್ಕೆ ಫೋನ್ ಮಾಡ್ತೆ."

ಕಲಿಯದ್ದನ್ನು ಮಾಡಬಾರದೆಂದು ಇಪ್ಪತ್ತರ ಹುಡುಗಿಗೆ ತಿಳಿದಿತ್ತು!

ರಿಕ್ಷಾ ಬರುವ ಮೊದಲು ಅರ್ಜಿ ತರಿಸಿಕೊಂಡು, ಬೋರಲು ಮಲಗಿಯೇ ರುಜು ಹಾಕಿದೆ. 'ಪೋಷಕರ ಅಭಿಪ್ರಾಯ' ಎಂಬಲ್ಲಿ ಬರೆದೆ: 'ವಿದ್ಯಾರ್ಥಿನಿ ಸರ್ವಥಾ ಯೋಗ್ಯಳು. ದಯವಿಟ್ಟು ಬೇಗ ಕಲಿಸಿ ಕಳುಹಿಸಿರಿ.'

ಅಕ್ಷರಗಳು ಸೊಟ್ಟಗಾದವು. ಬರೆದವನೇ ನೆಟ್ಟಗಿರಲಿಲ್ಲವಲ್ಲ!