ಪ್ರಭಾರ ಅಳಿಯ

ಬೀಗದ ಕಾರ್ಖಾನೆಯ ಯಜಮಾನರ ಏಕೈಕ ಪುತ್ರಿಗೆ ವರನನ್ನು ಆರಿಸುವ ಕಾರ್ಯವು ಸದರಿ ಕಾರ್ಖಾನೆಯ ನೇಮಕಾತಿ ನಿಯಮಾವಳಿಗೆ ಒಳಪಟ್ಟೇ ನಡೆಯಿತು. ಅದರಲ್ಲಿ ಯಾವ ಲೋಪವೂ ಕಂಡುಬಂದಿಲ್ಲ.

ಬೀಗ ಮಾಡುವವರು ಬೀಗರಾಗುವುದು ಸಂತೋಷದ ಸಂಗತಿಯೇ. ಆದರೆ ಮಗಳು ಒಂದು ಬೆಳಿಗ್ಗೆ, ತಾನು ಮದುವೆಯಾದರೆ ರೈಲ್ವೆ ನಿಲ್ದಾಣದಲ್ಲಿ ಮೈಕು ಹಿಡಿಯುವವನನ್ನೇ ಎಂದಾಗ ಯಜಮಾನರ ಲೋಟ ಬಾಯಿಗೆ ಹೋಗದೆ ದಾರಿಯಲ್ಲೇ ನಿಂತಿತು. ಹುಡುಗ ದಿನಗೂಲಿಯವನು. ಆದರೆ ಅವನು 'ರೈಲು ಮೂರು ಗಂಟೆ ತಡವಾಗಿ ಬರಲಿದೆ' ಎಂದರೆ ಪ್ರಯಾಣಿಕರು ಸನ್ಮಾನ ಮಾಡಿಸಿಕೊಂಡವರಂತೆ ನಾಚಿ ಕೂರುತ್ತಿದ್ದರು. ಕಾರ್ಖಾನೆಯ ಹೊಸ ಬೀಗಗಳಿಗೆ ನಕ್ಷೆ ಬರೆಯುವ ಮಗಳು ಅಂಥದೊಂದು ತಡದಲ್ಲೇ ಮನಸೋತಿದ್ದಳು. ರೈಲು ಕೊನೆಗೂ ಬಂತು, ಅವಳು ಹತ್ತಲಿಲ್ಲ.

ಯಜಮಾನರು ಹುಡುಗನನ್ನು ಕರೆಸಿ ಆಸ್ತಿ ಏನಿದೆಯೆಂದು ವಿಚಾರಿಸಿದರು. ಒಂದು ಛತ್ರಿ ಇದೆಯೆಂದೂ ಮೈಕು ರೈಲ್ವೆಯದೆಂದೂ ಅವನು ಮುಚ್ಚುಮರೆಯಿಲ್ಲದೆ ತಿಳಿಸಿದ. ಯಜಮಾನರು ಕೂಗಾಡುವ ಪೈಕಿಯವರಲ್ಲ. ಮರುದಿನವೇ ಗೇಟಿನ ಮೇಲೆ ಪ್ರಕಟಣೆ ಕಾಣಿಸಿತು:

'ಅಳಿಯ: ಹುದ್ದೆ ಒಂದು. ಸ್ಥಿರಾಸ್ತಿ ಕಡ್ಡಾಯ. ಛತ್ರಿಯನ್ನು ಸ್ಥಿರಾಸ್ತಿಯೆಂದು ಪರಿಗಣಿಸಲಾಗುವುದಿಲ್ಲ. ಅರ್ಜಿಯನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. ಈಗಾಗಲೇ ವಿವಾಹಿತರಾದವರು ಪತ್ನಿಯ ನಿರಾಕ್ಷೇಪಣಾ ಪತ್ರ ಲಗತ್ತಿಸುವುದು.'

ಮೊದಲ ವಾರದಲ್ಲೇ ಇನ್ನೂರಕ್ಕೂ ಮಿಕ್ಕಿ ಜನ ಬಂದರು. ನೂಕುನುಗ್ಗಲಿನಲ್ಲಿ ಗೇಟು ಬಾಗಿತು, ಹೆಡ್ ಗುಮಾಸ್ತರ ಕನ್ನಡಕ ಹೋಯಿತು. ಜನರನ್ನು ಕಾಯಿಸಿ ಅಭ್ಯಾಸವಿರುವ ಒಬ್ಬರನ್ನು ಕರೆಸುವುದು ಒಳ್ಳೆಯದೆಂದು ಮಗಳು ಸಲಹೆ ಕೊಟ್ಟಳು. ಯಾರೆಂದು ಯಜಮಾನರಿಗೆ ತಕ್ಷಣ ಗೊತ್ತಾಯಿತು, ಖುಷಿಯೂ ಆಯಿತು. ಅವನೇ ಬಂದು ಇನ್ನೊಬ್ಬರ ಹೆಸರು ಕೂಗಲಿ, ಆಗ ಬುದ್ಧಿ ಬರುತ್ತದೆ ಎಂದುಕೊಂಡು 'ಅಳಿಯ ವಿಭಾಗ' ತೆರೆದು, ಹುಡುಗನನ್ನು ಅದರ ಏಕೈಕ ನೌಕರನಾಗಿ ನೇಮಿಸಿದರು.

"ದಯವಿಟ್ಟು ಗಮನಿಸಿ," ಎಂದ ಹುಡುಗ. "ನಿಮ್ಮ ಮದುವೆ ಅನಿರ್ದಿಷ್ಟ ಕಾಲ ತಡವಾಗಲಿದೆ."

ಜನ ಸಾಲಾಗಿ ನಿಂತರು.

ಸಂದರ್ಶನ ಸಮಿತಿಯಲ್ಲಿ ನಿಯಮದ ಪ್ರಕಾರ ಒಬ್ಬ ವಿಷಯತಜ್ಞರು ಇರಬೇಕು. ವಿಷಯ ಮಗಳೇ ಆದ್ದರಿಂದ ಆ ಸ್ಥಾನದಲ್ಲಿ ಅವಳೇ ಕೂತಳು. ತಾನು ಏನು ಕೆಲಸ ಮಾಡುತ್ತೇನೆ ಎಂಬ ಒಂದೇ ಪ್ರಶ್ನೆ ಕೇಳಿದಳು. ಮದುವೆಯಾದ ಮೇಲೆ ಕೆಲಸದ ತಾಪತ್ರಯವೇ ಇರುವುದಿಲ್ಲ ಎಂದ ಒಬ್ಬ. ಇನ್ನೊಬ್ಬ ಉತ್ತರ ಹೇಳಲು ತಾಯಿಯನ್ನು ಕರೆತಂದಿದ್ದ. ಎಲ್ಲರೂ ತಿರಸ್ಕೃತರಾದರು. ಆ ಸುದ್ದಿಯನ್ನು ಹುಡುಗ ಹೇಳುವ ರೀತಿಗೆ ಅವರು ಕೈಕುಲುಕಿ ಹೋಗುತ್ತಿದ್ದರು. ಒಬ್ಬ ಮಾತ್ರ ಮತ್ತೊಮ್ಮೆ ತಿರಸ್ಕೃತನಾಗಲು ಮರುವಾರವೂ ಬಂದ.

ಒಂದು ಮಧ್ಯಾಹ್ನ ಯಜಮಾನರು ಗಾಜಿನ ಬಾಗಿಲಾಚೆ ನೋಡಿದರು. ಮಗಳು ನಕ್ಷೆ ಬರೆಯುತ್ತಿದ್ದಳು. ಹುಡುಗ ಬೀಗದ ಅಳತೆಗಳನ್ನು ರೈಲಿನ ಹೆಸರುಗಳಂತೆ ಗಂಭೀರವಾಗಿ ಓದುತ್ತಿದ್ದ. ಅವಳು ನಗುತ್ತಲೇ ಗೆರೆ ಎಳೆಯುತ್ತಿದ್ದಳು, ಗೆರೆ ನೆಟ್ಟಗೇ ಬರುತ್ತಿತ್ತು. ಯಜಮಾನರಿಗೆ ಎದೆಯಲ್ಲಿ ಏನೋ ಸಡಿಲವಾದಂತಾಯಿತು. ಅದನ್ನು ಯಾವ ಫೈಲಿಗೆ ಹಾಕಬೇಕೆಂದು ತಿಳಿಯದೆ ಸದ್ದಿಲ್ಲದೆ ಹಿಂತಿರುಗಿದರು.

ತೊಂಬತ್ತನೇ ದಿನ ಮಗಳು ನಿಯಮಾವಳಿ ಹಿಡಿದುಕೊಂಡು ಬಂದಳು. ಹದಿನಾಲ್ಕನೇ ನಿಯಮ: ಯಾವುದೇ ಹುದ್ದೆ ತೊಂಬತ್ತು ದಿನ ಖಾಲಿ ಉಳಿದರೆ, ಖಾಯಂ ವ್ಯಕ್ತಿ ಸಿಗುವ ತನಕ ಆ ವಿಭಾಗದ ಹಿರಿಯ ನೌಕರನಿಗೇ ಅದರ ಪ್ರಭಾರ ವಹಿಸತಕ್ಕದ್ದು. ಲೇತ್ ಮೆಷಿನ್ನಿನವರಿಗಾಗಿ ಯಜಮಾನರೇ ಬರೆದದ್ದು.

"ಆ ವಿಭಾಗದಲ್ಲಿ ಇರೋದೇ ಒಬ್ಬ, ಅಪ್ಪ."

ಯಜಮಾನರು ಹೆಡ್ ಗುಮಾಸ್ತರ ಕಡೆ ತಿರುಗಿದರು. "ಪ್ರಭಾರ ಅಂದ್ರೆ ಅಧಿಕಾರ ಎಷ್ಟಿರುತ್ತೆ?"

"ಪೂರ್ತಿ ಇರುತ್ತೆ ಯಜಮಾನ್ರೇ. ಸಂಬಳ ಮಾತ್ರ ಹೆಚ್ಚೋದಿಲ್ಲ."

ಮಗಳ ಮುಖವನ್ನು ಒಂದು ಕ್ಷಣ ನೋಡಿ, ಆಮೇಲೆ ಖರ್ಚಿಲ್ಲದ ವ್ಯವಸ್ಥೆಯೆಂದು ಗೊಣಗುತ್ತ ಯಜಮಾನರು ಸಹಿ ಹಾಕಿದರು. ಮದುವೆ ನಡೆಯಿತು. ಪ್ರಭಾರದ ಅವಧಿ ಆರು ತಿಂಗಳು; ಪ್ರತಿ ಬಾರಿಯೂ ಅಳಿಯ ಅರ್ಜಿ ಕೊಡುತ್ತಾನೆ, ಮಾವ ಪರಿಶೀಲಿಸಿ ವಿಸ್ತರಿಸುತ್ತಾರೆ. ನಡುವೆ ಹುಟ್ಟಿದ ಮೊಮ್ಮಗಳನ್ನು ಮಾತ್ರ ನೇರವಾಗಿ ಖಾಯಂ ಮಾಡಲಾಗಿದೆ.

ನಾಲ್ಕನೆಯ ವಿಸ್ತರಣೆಯ ದಿನ ಯಜಮಾನರ ಪತ್ನಿ ಬಾಗಿಲಲ್ಲಿ ನಿಂತು ಕೇಳಿದರು: "ರೀ, ನೀವು ಈ ಮನೆಗೆ ಗಂಡ ಅಂತ ಆಗಿದ್ದಕ್ಕೆ ಆದೇಶ ಎಲ್ಲಿದೆ?"

ಮೂರು ದಿನ ಬೀರು ತಡಕಾಡಿದರೂ ಸಿಗಲಿಲ್ಲ. ಮೂವತ್ತೊಂದು ವರ್ಷ ಆಧಾರವಿಲ್ಲದೆ ಸೇವೆ ಸಲ್ಲಿಸಿದ್ದನ್ನು ಯಜಮಾನರು ಲಿಖಿತವಾಗಿ ಒಪ್ಪಿಕೊಂಡರು. ಪತ್ನಿ ದೊಡ್ಡ ಮನಸ್ಸು ಮಾಡಿ ಆರು ತಿಂಗಳ ಪ್ರಭಾರ ಕೊಟ್ಟರು; ಅಳಿಯನ ಅರ್ಜಿಯನ್ನೂ ಇನ್ನು ಮುಂದೆ ತಮಗೇ ಸಲ್ಲಿಸತಕ್ಕದ್ದೆಂದರು.

ಈಗ ಅವಧಿ ಮುಗಿಯುವ ದಿನ ಮಾವ, ಅಳಿಯ ಇಬ್ಬರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅರ್ಜಿ ಹಿಡಿದು, ಅಡುಗೆಮನೆಯ ಹೊರಗಿನ ಬೆಂಚಿನ ಮೇಲೆ ಅಕ್ಕಪಕ್ಕ ಕೂರುತ್ತಾರೆ. ಒಳಗಿನಿಂದ ಕರೆ ಬರುವ ತನಕ ಅಳಿಯ ಮಾವನಿಗೆ ಧೈರ್ಯ ಹೇಳುತ್ತಿರುತ್ತಾನೆ.